ಯೋಮ್ ಕಿಪ್ಪುರ್ ಮುಂಚೆ ಮನೆಯವರು ಬಂದು ಕ್ಷಮೆ ಕೇಳಿದರು. ‘ಪರವಾಗಿಲ್ಲ’ ಅಂದುಬಿಟ್ಟೆ. ತಪ್ಪಾಯ್ತಾ?

ಕೋಡಿ_ಕಡಲು · ಸೆಪ್ಟೆಂಬರ್ 25, 2025

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರ ಕಡೆಯವಳು. ಆರು ವರ್ಷದಿಂದ ಜೆರುಸಲೇಮಿನಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದೇನೆ. ಅವರಿಗೆ 87 ವರ್ಷ. ನಾನು ಅವರನ್ನು ‘ಸಾವ್ತಾ’ ಅಂತ ಕರೆಯುವುದು, ಅಂದ್ರೆ ಇಲ್ಲಿನ ಭಾಷೆಯಲ್ಲಿ ಅಜ್ಜಿ. ಮನೆಯವರು ಯಹೂದಿಗಳು, ತುಂಬಾ ಮಡಿ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ದೀಪದ ಸ್ವಿಚ್ಚೂ ಮುಟ್ಟುವುದಿಲ್ಲ. ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ.

ಮೊನ್ನೆ ಇಲ್ಲಿ ಹೊಸ ವರ್ಷ ಆಯ್ತು, ರೋಶ್ ಹಶಾನಾ. ಅದರಿಂದ ಹತ್ತನೇ ದಿನ ಯೋಮ್ ಕಿಪ್ಪುರ್, ಉಪವಾಸವಿದ್ದು ಪಾಪಕ್ಕೆ ಪರಿಹಾರ ಬೇಡುವ ದಿನ. ಈ ಹತ್ತು ದಿನದಲ್ಲಿ ಇವರು ಒಬ್ಬರ ಹತ್ತಿರ ಒಬ್ಬರು ಕ್ಷಮೆ ಕೇಳುತ್ತಾರೆ. ನಿನ್ನೆ ಸಾವ್ತಾ ಮಗಳು ಬಂದವಳು ಅಡುಗೆಮನೆ ಬಾಗಿಲಲ್ಲೇ ನಿಂತು, “ಈ ವರ್ಷ ನನ್ನಿಂದ ಏನಾದರೂ ನೋವಾಗಿದ್ದರೆ ಕ್ಷಮಿಸು” ಅಂದಳು. ನಾನು ಪಾತ್ರೆ ತೊಳೆಯುತ್ತಿದ್ದೆ. “ಪರವಾಗಿಲ್ಲ, ಏನೂ ಇಲ್ಲ” ಅಂದೆ. ಅವಳು ನಕ್ಕು ಹೋದಳು.

ಆದರೆ ಏನೂ ಇಲ್ಲ ಅನ್ನೋದು ಸುಳ್ಳು. ಏಪ್ರಿಲ್‌ನಲ್ಲಿ ಪೆಸಹ್ ಹಬ್ಬಕ್ಕೆ ಮನೆಯೆಲ್ಲ ಉಜ್ಜಿ ತೊಳೆಯುವಾಗ ಸಾವ್ತಾ ಉಂಗುರ ಕಾಣೆಯಾಯ್ತು. ಈ ಮಗಳು ನನ್ನ ಮುಖಕ್ಕೆ ನೇರ ಹೇಳಲಿಲ್ಲ. ನಾನು ಬಟ್ಟೆ ಒಣಗಿಸಲು ಹೋದಾಗ ನನ್ನ ಚೀಲ ತೆಗೆದು ನೋಡಿದ್ದಳು. ತಂಗಿಗೆ ಫೋನ್ ಮಾಡಿ ಹೀಬ್ರೂನಲ್ಲಿ “ಇವಳೇ ಇರಬೇಕು” ಅಂದಳು. ಆರು ವರ್ಷ ಆಯ್ತಲ್ಲ, ನನಗೆ ಅರ್ಥ ಆಗುತ್ತೆ. ಮೂರು ವಾರದ ನಂತರ ಉಂಗುರ ಸಾವ್ತಾ ಚಳಿ ಕೋಟಿನ ಜೇಬಲ್ಲಿ ಸಿಕ್ಕಿತು. ಹುಡುಕಿ ಕೊಟ್ಟದ್ದು ನಾನೇ. “ಓ, ಸಿಕ್ತಾ” ಅಂದಳು. ಅಷ್ಟೇ.

ಈಗ ನನ್ನ ಪ್ರಶ್ನೆ. ಹೀಗೆ ಒಟ್ಟಾರೆ ‘ಏನಾದರೂ ಆಗಿದ್ದರೆ’ ಅಂತ ಕೇಳಿದ ಕ್ಷಮೆ ಅವರ ಧರ್ಮದ ಪ್ರಕಾರ ಲೆಕ್ಕಕ್ಕೆ ಬರುತ್ತಾ? ನಾನು ‘ಪರವಾಗಿಲ್ಲ’ ಅಂದುಬಿಟ್ಟೆ ಅಂದ್ರೆ ಕತೆ ಮುಗೀತಾ? ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಇಲ್ಲಿ ಇದನ್ನೆಲ್ಲ ಓದಿಕೊಂಡವರು ಯಾರಾದರೂ ಇದ್ದೀರಾ?

ಸುಮ್ನಿರಲಾರೆ · ಸೆಪ್ಟೆಂಬರ್ 25

ವರ್ಷಕ್ಕೊಂದು ದಿನ ಸಾರಿ ಹೇಳಿ ಪಾಟಿ ಒರೆಸಿಕೊಳ್ಳೋದು. ಪಾಪ ಮಾಡಿ ಕಾಶಿಗೆ ಹೋದ ಹಾಗೆ. ಎಲ್ಲ ಕಡೆ ಇದೇ ವ್ಯಾಪಾರ. ತಲೆ ಕೆಡಿಸಿಕೊಳ್ಳಬೇಡಿ, ಸಂಬಳ ಸರಿಯಾಗಿ ಬರ್ತಿದೆಯಾ ನೋಡಿ.

ಹಳೇಮೇಷ್ಟ್ರು · ಸೆಪ್ಟೆಂಬರ್ 25

ಸುಮ್ನಿರಲಾರೆ ಅವರೇ, ಅವಸರ ಬೇಡ. ಮಿಶ್ನಾ ಅಂತ ಅವರ ಹಳೆಯ ಧರ್ಮಶಾಸ್ತ್ರದ ಗ್ರಂಥ, ಅದರಲ್ಲಿ ಯೋಮಾ ಅನ್ನುವ ಭಾಗ ಇದೆ. ಅದು ಪೂರ್ತಿ ಈ ಯೋಮ್ ಕಿಪ್ಪುರ್ ಬಗ್ಗೆಯೇ. ಅದರ ಕೊನೆಯಲ್ಲಿ ನೀವು ಹೇಳಿದ ಕಾಶಿಯ ಮಾತೇ ಬರುತ್ತದೆ. ‘ಪಾಪ ಮಾಡ್ತೀನಿ, ಆ ದಿನ ಹೇಗೂ ತೊಳೆದುಹೋಗುತ್ತೆ’ ಅಂದುಕೊಂಡು ಮಾಡಿದವನಿಗೆ ಆ ದಿನ ಏನೂ ತೊಳೆಯುವುದಿಲ್ಲ. ಇನ್ನೊಂದು ಮಾತು ಅಲ್ಲೇ ಇದೆ. ದೇವರಿಗೆ ಮಾಡಿದ ತಪ್ಪಿಗೆ ಆ ದಿನ ಪರಿಹಾರ ಸಿಗುತ್ತದೆ. ಮನುಷ್ಯನಿಗೆ ಮಾಡಿದ ತಪ್ಪಿಗೆ, ಆ ಮನುಷ್ಯನನ್ನು ಸಮಾಧಾನ ಮಾಡುವ ತನಕ ಸಿಗುವುದಿಲ್ಲ. ಎಷ್ಟು ಉಪವಾಸ ಮಾಡಿದರೂ ಅಷ್ಟೇ. ಅದಕ್ಕೇ ಆ ಹೆಂಗಸು ಅಡುಗೆಮನೆ ಬಾಗಿಲಿಗೆ ಬಂದದ್ದು. ದೇವರು ಅವಳನ್ನು ನಿಮ್ಮ ಹತ್ತಿರ ಕಳಿಸಿಬಿಟ್ಟಿದ್ದಾನೆ ಅನ್ನಿ.

ಅಮ್ಮಾ ಕೋಡಿಯವರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರ: ಏನು ತಪ್ಪು ಮಾಡಿದೆ ಅಂತ ಹೆಸರಿಟ್ಟು ಹೇಳಿಯೇ ಕ್ಷಮೆ ಕೇಳಬೇಕು ಅಂತ ಅವರ ಆಚಾರದ ಗ್ರಂಥಗಳು ಹೇಳುತ್ತವೆ. ಹಾಗೆ ಹೇಳಿದರೆ ಎದುರಿನವರಿಗೇ ಮುಜುಗರ ಆಗುತ್ತದೆ ಅಂದರೆ ಮಾತ್ರ ಬಿಡಬಹುದು. ‘ಏನಾದರೂ ಆಗಿದ್ದರೆ’ ಅನ್ನೋದು ಅರ್ಧ ಕೆಲಸ.

ಟೆಕ್ಕಿ_ಟಿಫಿನ್ · ಸೆಪ್ಟೆಂಬರ್ 25

ನಮ್ಮ ಟೀಮಲ್ಲಿ ಟೆಲ್ ಅವೀವ್‌ನವರು ಮೂರು ಜನ ಇದ್ದಾರೆ. ಪ್ರತಿ ವರ್ಷ ಈ ಟೈಮಲ್ಲಿ ಗ್ರೂಪಿಗೆ ಒಂದೇ ಮೆಸೇಜು, ‘ನೋಯಿಸಿದ್ದರೆ ಕ್ಷಮಿಸಿ’. ನಮ್ಮ ಯುಗಾದಿ ಫಾರ್ವರ್ಡ್ ಇದ್ದ ಹಾಗೆ. ನಾನು ಹೆಬ್ಬೆರಳು ಒತ್ತಿ ಸುಮ್ಮನಾಗ್ತೀನಿ. ಅವರಲ್ಲೇ ಒಬ್ಬ ಹೇಳಿದ, “ಇದು ಲೆಕ್ಕಕ್ಕಿಲ್ಲ, ನಮ್ಮಜ್ಜ ನೋಡಿದ್ದರೆ ಬೈತಿದ್ದ” ಅಂತ.

ಬಜ್ಪೆ_ಬಾಯಿ · ಸೆಪ್ಟೆಂಬರ್ 25

ಕೋಡಿ ಅಕ್ಕಾ, ನಾನೂ ಹೈಫಾದಲ್ಲಿ ನಾಲ್ಕು ವರ್ಷ ಇದೇ ಕೆಲಸ ಮಾಡಿ ಬಂದವಳು. ನಿಮ್ಮ ಪೋಸ್ಟ್ ಓದಿ ಹೊಟ್ಟೆ ಉರಿಯಿತು. ಚೀಲ ನೋಡುವುದು ಎಲ್ಲರ ಮನೆಯಲ್ಲೂ ಆಗುತ್ತೆ, ಆದರೆ ಯಾರೂ ಹೇಳಿಕೊಳ್ಳಲ್ಲ.

ಒಂದು ವಿಷಯ ಹೇಳ್ತೇನೆ. ಮೊನ್ನೆ ರೋಶ್ ಹಶಾನಾ ಮೊದಲ ದಿನ ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಯಾವ ಪಾಠ ಓದಿದರು ಗೊತ್ತಾ? ಹನ್ನಳ ಕತೆ. ನಮ್ಮ ಬೈಬಲಿನಲ್ಲೂ ಇದೆ, ಸಮುವೇಲನ ಮೊದಲ ಪುಸ್ತಕದ ಮೊದಲ ಅಧ್ಯಾಯ. ಹನ್ನಳಿಗೆ ಮಕ್ಕಳಿಲ್ಲ. ಶೀಲೋವಿನ ದೇಗುಲದಲ್ಲಿ ನಿಂತು ಅಳುತ್ತಾ ಪ್ರಾರ್ಥನೆ ಮಾಡ್ತಾಳೆ. ತುಟಿ ಮಾತ್ರ ಅಲ್ಲಾಡುತ್ತೆ, ಶಬ್ದ ಇಲ್ಲ. ಯಾಜಕ ಏಲಿ ನೋಡಿ, ಇವಳು ಕುಡಿದು ಬಂದಿದ್ದಾಳೆ ಅಂತ ಗದರಿಸ್ತಾನೆ. ಅವಳು ಸುಮ್ಮನಿರಲ್ಲ. ‘ಇಲ್ಲ ಸ್ವಾಮಿ, ನಾನು ಕುಡಿದಿಲ್ಲ, ಮನಸ್ಸಿನ ದುಃಖ ತೋಡಿಕೊಳ್ತಿದ್ದೇನೆ’ ಅಂತಾಳೆ. ಆಗ ಏಲಿ ಅವಳನ್ನು ಹರಸಿ ಕಳಿಸ್ತಾನೆ.

ನಾನಿದ್ದ ಮನೆಯ ಅಜ್ಜ ನಿವೃತ್ತ ಪಾಠದ ಮೇಷ್ಟ್ರು. ಅವರ ಧರ್ಮಚರ್ಚೆಯ ದೊಡ್ಡ ಗ್ರಂಥ ತಾಲ್ಮೂದ್ ಈ ಕತೆಯಿಂದ ಎರಡು ಪಾಠ ತೆಗೆಯುತ್ತೆ ಅಂತ ಹೇಳಿಕೊಟ್ಟಿದ್ದರು. ಸುಮ್ನೆ ಅನುಮಾನ ಪಟ್ಟವನು ಹೋಗಿ ಸಮಾಧಾನ ಮಾಡಬೇಕು. ಬರೀ ಸಮಾಧಾನ ಸಾಲದು, ಆಶೀರ್ವಾದವನ್ನೂ ಮಾಡಬೇಕು. ಅದು ಒಂದು. ಇನ್ನೊಂದು ನಿಮಗೆ. ತಪ್ಪಿಲ್ಲದೆ ಅನುಮಾನಕ್ಕೆ ಒಳಗಾದವಳು ಸುಮ್ಮನಿರಬಾರದು, ‘ಅದು ನಾನಲ್ಲ’ ಅಂತ ಹೇಳಬೇಕು. ಹನ್ನಳು ಹೇಳಿದಳಲ್ಲ, ಹಾಗೆ.

ಕೋಡಿ_ಕಡಲು · ಸೆಪ್ಟೆಂಬರ್ 25

ಬಜ್ಪೆಯವರೇ, ಮೈ ಜುಮ್ಮೆಂದಿತು. ಮೊನ್ನೆ ಸಾವ್ತಾನ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ನಾನು ಅಲ್ಲೇ ಹಿಂದೆ ಕೂತಿದ್ದೆ. ಆ ಮಗಳೂ ಪಕ್ಕದಲ್ಲೇ ಇದ್ದಳು.

ಗುಬ್ಬಿಗೂಡು · ಸೆಪ್ಟೆಂಬರ್ 25

ಅಲ್ಲಿ ಹೊಸ ವರ್ಷಕ್ಕೆ ಜೇನಿನ ಕೇಕ್ ಮಾಡ್ತಾರಂತಲ್ಲ, ರೆಸಿಪಿ ಇದ್ದರೆ ಹಾಕಿ.

ಸುಮ್ನಿರಲಾರೆ · ಸೆಪ್ಟೆಂಬರ್ 26

ಎಲ್ಲ ಸರಿ. ಆದರೆ ಹನ್ನಳು ಏಲಿಯ ಮನೆಯಲ್ಲಿ ಸಂಬಳಕ್ಕಿರಲಿಲ್ಲ. ಇವರ ವೀಸಾ ಆ ಕೆಲಸಕ್ಕೆ ಅಂಟಿಕೊಂಡಿದೆ. ಹೋಗಿ ‘ನೀನು ನನ್ನ ಚೀಲ ತೆಗೆದೆ’ ಅಂದರೆ, ನಾಳೆ ಕೆಲಸ ಹೋದರೆ ಈ ವೇದಿಕೆಯವರು ಅನ್ನ ಹಾಕ್ತಾರಾ? ಬಡವರಿಗೆ ಆತ್ಮೋದ್ಧಾರದ ಪಾಠ ಹೇಳೋದು ಸುಲಭ.

ಬಸದಿಬೀದಿ · ಸೆಪ್ಟೆಂಬರ್ 26

ಈ ಸಲ ಸುಮ್ನಿರಲಾರೆ ಹೇಳಿದ್ದರಲ್ಲಿ ಸತ್ಯ ಇದೆ.

ನಮ್ಮ ಜೈನರಲ್ಲೂ ಇಂಥದ್ದೇ ಇದೆ. ಈ ತಿಂಗಳ ಮೊದಲ ವಾರ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಆಯ್ತು. ಹತ್ತು ಲಕ್ಷಣಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮೆ. ಬಸದಿ ಮುಂದೆ ಎಲ್ಲರೂ ಎಲ್ಲರಿಗೂ ಕೈ ಮುಗೀತಾರೆ. ನಿಜ ಹೇಳ್ತೀನಿ, ವರ್ಷವಿಡೀ ಮಾತು ಬಿಟ್ಟವರು ಪರಸ್ಪರ ಕೈ ಮುಗಿದು, ಮಾರನೇ ದಿನ ಮತ್ತೆ ಮುಖ ತಿರುಗಿಸಿದ್ದನ್ನು ನೋಡಿದ್ದೇನೆ. ಆದರೆ ನಮ್ಮತ್ತೆ ಒಬ್ಬರು ಹದಿನಾಲ್ಕು ವರ್ಷದ ಜಗಳ ಆ ದಿನವೇ ಮುಗಿಸಿದ್ದನ್ನೂ ನೋಡಿದ್ದೇನೆ. ದಿನ ಒಂದು ನೆಪ ಕೊಡುತ್ತೆ. ಉಪಯೋಗಿಸಿಕೊಳ್ಳೋದು ಬಿಡೋದು ನಮ್ಮ ಕೈಯಲ್ಲಿ.

ಧಾರವಾಡದ_ಪೇಢಾ · ಸೆಪ್ಟೆಂಬರ್ 26

ನಮ್ಮ ಕಡೆ ಬನ್ನಿ ಕೊಡೂದು ಮತ್ತೇನ್ರಿ? “ಬನ್ನಿ ತಗೊಂಡು ಬಂಗಾರದಂಗ ಇರೋಣ” ಅಂತ ದಸರಾ ಸಂಜೆ ಊರೆಲ್ಲ ಅಡ್ಡಾಡ್ತೀವಿ. ಜಗಳಾಡಿದವರ ಮನೀಗೆ ಮೊದಲು ಹೋಗಬೇಕು ಅಂತ ನಮ್ಮಪ್ಪ ಗದರಿಸಿ ಕಳಿಸ್ತಿದ್ದರು. ಅಂದಹಾಗೆ ಕ್ಯಾಲೆಂಡರ್ ನೋಡಿದೆ. ಈ ವರ್ಷ ಯೋಮ್ ಕಿಪ್ಪುರ್ ಅಕ್ಟೋಬರ್ 1ರ ಸಂಜೆ ಶುರುವಾಗಿ 2ರ ರಾತ್ರಿ ಮುಗಿಯುತ್ತೆ. ನಮ್ಮ ವಿಜಯದಶಮಿ ಕೂಡ 2ನೇ ತಾರೀಖೇ!

ಮಳೆಮನೆ · ಸೆಪ್ಟೆಂಬರ್ 26

ಬೆಂಗಳೂರಲ್ಲೂ ಯಹೂದಿಗಳ ಸ್ಮಶಾನ ಇದೆ, ಮೈಸೂರು ರಸ್ತೆಯ ಗೋರಿಪಾಳ್ಯದ ಹತ್ತಿರ. ಒಮ್ಮೆ ಬೀಗ ತೆಗೆಸಿ ನೋಡಿ ಬಂದಿದ್ದೆ. ಕೊಂಕಣದ ಯಹೂದಿಗಳು, ಬೆನೆ ಇಸ್ರೇಲಿಗಳ ವಿಷಯ ಇನ್ನೂ ಚೆಂದ. ಅವರು ಗಾಣದ ಎಣ್ಣೆ ತೆಗೆಯುವವರು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೆ ಊರವರು ‘ಶನಿವಾರ ತೇಲಿ’ ಅಂತ ಕರೆದರು, ಅಂದ್ರೆ ಶನಿವಾರದ ಗಾಣಿಗರು. ಪುಸ್ತಕ, ಗುರು ಏನೂ ಕೈಯಲ್ಲಿಲ್ಲದ ಕಾಲದಲ್ಲೂ ಶನಿವಾರದ ಬಿಡುವನ್ನು ಬಿಡಲಿಲ್ಲ.

ಟೆಕ್ಕಿ_ಟಿಫಿನ್ · ಸೆಪ್ಟೆಂಬರ್ 26

ನನಗೂ ಆ ಶನಿವಾರ ಬೇಕು. ನಮ್ಮ ಮ್ಯಾನೇಜರ್ ಶನಿವಾರ ರಾತ್ರಿ ಹನ್ನೊಂದಕ್ಕೆ ‘ಒಂದು ಚಿಕ್ಕ ವಿಷಯ’ ಅಂತ ಕರೆ ಮಾಡ್ತಾರೆ. ಟೆಲ್ ಅವೀವ್‌ನವರು ಶುಕ್ರವಾರ ಮಧ್ಯಾಹ್ನವೇ ಮಾಯ, ಅವರಿಗೆ ಯಾರೂ ಏನೂ ಅನ್ನಲ್ಲ.

ನಿರ್ವಾಹಕ · ಸೆಪ್ಟೆಂಬರ್ 26

ಯುದ್ಧದ ಬಗ್ಗೆ ಬಂದ ನಾಲ್ಕು ಉತ್ತರಗಳನ್ನು ತೆಗೆದಿದ್ದೇನೆ. ಅದಕ್ಕೆ ಬೇರೆ ಎಳೆ ಇದೆ, ಅಲ್ಲಿ ಎಷ್ಟು ಬೇಕಾದರೂ ಬಡಿದಾಡಿ. ಇಲ್ಲಿ ಈ ಅಕ್ಕನ ಪ್ರಶ್ನೆ ಮಾತ್ರ.

ಹಳೇಮೇಷ್ಟ್ರು · ಸೆಪ್ಟೆಂಬರ್ 26

ಬಡವರಿಗೆ ಪಾಠ ಹೇಳೋದು ಅಂದಿರಲ್ಲ, ಅದಕ್ಕೊಂದು ಕತೆ. ಹತ್ತೊಂಬತ್ತನೇ ಶತಮಾನದಲ್ಲಿ ಲಿಥುವೇನಿಯಾದಲ್ಲಿ ಇಸ್ರಾಯೇಲ್ ಸಲಾಂಟರ್ ಅಂತ ಒಬ್ಬ ರಬ್ಬಿ, ಅಂದ್ರೆ ಯಹೂದಿ ಧರ್ಮಗುರು, ಇದ್ದರು. 1883ರಲ್ಲಿ ತೀರಿಕೊಂಡರು. ನಡತೆ ತಿದ್ದಿಕೊಳ್ಳುವುದೇ ಒಂದು ವಿದ್ಯೆ, ಅದನ್ನು ದಿನಾ ಅಭ್ಯಾಸ ಮಾಡಬೇಕು ಅಂತ ‘ಮುಸಾರ್’ ಅನ್ನುವ ದೊಡ್ಡ ಚಳವಳಿ ಶುರು ಮಾಡಿದವರು. ಊಟಕ್ಕೆ ಮುಂಚೆ ಅವರಲ್ಲಿ ಶಾಸ್ತ್ರೋಕ್ತವಾಗಿ ಕೈ ತೊಳೆಯಬೇಕು. ಧಾರಾಳವಾಗಿ ನೀರು ಸುರಿದುಕೊಂಡಷ್ಟು ಪುಣ್ಯ ಅಂತ ಲೆಕ್ಕ. ಇವರು ಮಾತ್ರ ಎಷ್ಟು ಕಡಿಮೆ ಸಾಕೋ ಅಷ್ಟೇ ಹಾಕಿಕೊಂಡರಂತೆ. ಯಾಕೆ ಅಂತ ಕೇಳಿದ್ದಕ್ಕೆ, ದೂರದ ಬಾವಿಯಿಂದ ಕೊಡ ಹೊತ್ತು ತರುವ ಕೆಲಸದ ಹುಡುಗಿಯನ್ನು ತೋರಿಸಿದರಂತೆ. ಅವಳ ಹೆಗಲ ಮೇಲೆ ನಾನು ಪುಣ್ಯ ಕಟ್ಟಿಕೊಳ್ಳಲಾ ಅಂತ.

ಹಾಗಾಗಿ ಕೆಲಸದವರ ಕಷ್ಟ ಅವರಿಗೆ ಗೊತ್ತಿಲ್ಲದ್ದೇನಲ್ಲ. ಈ ಮನೆಯವರಿಗೆ ಗೊತ್ತಿದೆಯಾ ಅನ್ನೋದು ಬೇರೆ ಮಾತು.

ಮಳೆಮನೆ · ಸೆಪ್ಟೆಂಬರ್ 26

ಕೋಡಿಯವರೇ, ಇನ್ನೊಂದು ದಾರಿ. ಹೇಳದೇ ಬಿಟ್ಟುಬಿಡಿ, ಆದರೆ ಮನಸ್ಸಲ್ಲಿ ಇಟ್ಟುಕೊಳ್ಳದೇ ಬಿಡಿ. ಅವರಲ್ಲೇ ಕುಡುಗೋಲು–ಕೊಡಲಿ ಉದಾಹರಣೆ ಇದೆ. ಇವನು ಪಕ್ಕದ ಮನೆಯವನ ಹತ್ತಿರ ಕುಡುಗೋಲು ಕೇಳಿದ, ಅವನು ಕೊಡಲಿಲ್ಲ. ಮಾರನೇ ದಿನ ಅವನೇ ಇವನ ಹತ್ತಿರ ಕೊಡಲಿ ಕೇಳಿದ. ‘ನೀನು ಕೊಟ್ಟಿಲ್ಲ, ನಾನೂ ಕೊಡಲ್ಲ’ ಅಂದರೆ ಅದು ಸೇಡು. ‘ತಗೋ, ನಾನು ನಿನ್ನ ಹಾಗಲ್ಲ’ ಅಂದರೆ ಅದೂ ತಪ್ಪು, ಅದಕ್ಕೆ ಬೇರೆ ಹೆಸರು, ಹಗೆ ಇಟ್ಟುಕೊಳ್ಳೋದು. ಎರಡೂ ಕೂಡದು.

ನಮ್ಮೂರಲ್ಲಿ ಎಲ್ಲರೂ ಈ ಎರಡನೇ ಜಾತಿ. ಕೊಡ್ತಾರೆ, ಕೊಟ್ಟು ಹತ್ತು ವರ್ಷ ಹೇಳ್ತಾರೆ.

ಧಾರವಾಡದ_ಪೇಢಾ · ಸೆಪ್ಟೆಂಬರ್ 26

ಹಹ್ಹಾ, ನಮ್ಮ ಕಾಕಾನೂ ಇದೇ ಜಾತಿ. ಪಂಪ್‌ಸೆಟ್ ಕೊಟ್ಟದ್ದು ಇವತ್ತಿಗೂ ಹೇಳ್ತಾರ.

ಹಳೇಮೇಷ್ಟ್ರು · ಸೆಪ್ಟೆಂಬರ್ 26

ಮಳೆಮನೆ, ಉದಾಹರಣೆ ಸರಿ, ಆದರೆ ಅದರಿಂದ ‘ಹೇಳದೇ ಬಿಡಿ’ ಅಂತ ಬರುವುದಿಲ್ಲ. ಸೇಡು, ಹಗೆ ಬೇಡ ಅನ್ನುವ ಮಾತು ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದ್ದು. ಅಲ್ಲೇ ಒಂದು ಸಾಲು ಮೇಲೆ, ಸೋದರನನ್ನು ಮನಸ್ಸಿನೊಳಗೆ ದ್ವೇಷಿಸಬೇಡ ಅಂತಿದೆ. ಹನ್ನೆರಡನೇ ಶತಮಾನದ ಮೈಮೊನಿಡೀಸ್ ಅದನ್ನು ಬಿಡಿಸಿ ಹೇಳ್ತಾರೆ. ಇವರು ಈಜಿಪ್ಟಿನಲ್ಲಿ ವೈದ್ಯರಾಗಿದ್ದವರು, ದೊಡ್ಡ ಧರ್ಮಶಾಸ್ತ್ರಿ. ಯಾರಾದರೂ ನೋಯಿಸಿದರೆ ಬಾಯಿ ಮುಚ್ಚಿಕೊಂಡು ಒಳಗೊಳಗೇ ಕುದಿಯಬೇಡ, ಹೋಗಿ ‘ಹೀಗ್ಯಾಕೆ ಮಾಡಿದೆ’ ಅಂತ ಕೇಳು. ಅವನು ಕ್ಷಮೆ ಕೇಳಿದರೆ ಕ್ಷಮಿಸು, ಕಲ್ಲಾಗಬೇಡ. ಏನೂ ಹೇಳದೇ ಮನಸ್ಸಿನಿಂದಲೇ ಬಿಟ್ಟುಬಿಟ್ಟರೆ ಅದೂ ದೊಡ್ಡ ಗುಣವೇ ಅಂತ ಸೇರಿಸ್ತಾರೆ. ಆದರೆ ಅದು ನಿಜವಾಗಿ ಬಿಟ್ಟರೆ ಮಾತ್ರ. ರಾತ್ರಿ ನಿದ್ದೆ ಬರಲಿಲ್ಲ ಅಂದಮೇಲೆ ಬಿಟ್ಟಿಲ್ಲ ಅಂತಲೇ ಅಲ್ವಾ?

ಗುಬ್ಬಿಗೂಡು · ಸೆಪ್ಟೆಂಬರ್ 27

ನನಗೊಂದು ಅನುಮಾನ, ಬೇಜಾರು ಮಾಡ್ಕೋಬೇಡಿ ಅಕ್ಕಾ. ಏಪ್ರಿಲ್‌ನ ವಿಷಯ. ಆಗ ಹೇಗೋ ನುಂಗಿಕೊಂಡಿರಿ. ಆರು ತಿಂಗಳು ನಿದ್ದೆ ಬಂತು. ಈಗ ಅವಳು ಕ್ಷಮೆ ಕೇಳಿದಮೇಲೆ ನಿದ್ದೆ ಬರ್ತಿಲ್ಲ. ಉಲ್ಟಾ ಆಯ್ತಲ್ಲ? ಬೇರೆ ಏನಾದರೂ ಇದೆಯಾ?

(ಕೇಕ್ ರೆಸಿಪಿ ಮರೀಬೇಡಿ.)

ಕೋಡಿ_ಕಡಲು · ಸೆಪ್ಟೆಂಬರ್ 27

ಗುಬ್ಬಿಗೂಡು, ನೀವು ಕೇಳಿದ ಮೇಲೆ ತುಂಬಾ ಹೊತ್ತು ಇಲ್ಲಿ ಬರಲೇ ಇಲ್ಲ. ಸರಿ, ಹೇಳಿಬಿಡ್ತೇನೆ.

ನನ್ನ ಅಣ್ಣನ ಹತ್ತಿರ ಮಾತಿಲ್ಲದೆ ನಾಲ್ಕು ವರ್ಷ. ಅಪ್ಪ ತೀರಿಕೊಂಡಾಗ ನಾನು ಇಲ್ಲಿದ್ದೆ, ಹೋಗಲು ಆಗಲಿಲ್ಲ. ಆಮೇಲೆ ಗೊತ್ತಾಯ್ತು, ಮನೆ ಹಿಂದಿನ ತೋಟ ಅಣ್ಣನ ಹೆಸರಲ್ಲಿದೆ. ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇವನು ಹೆಬ್ಬೆಟ್ಟು ಹಾಕಿಸಿಕೊಂಡ ಅಂತ ನಾನೇ ತೀರ್ಮಾನ ಮಾಡಿದೆ. ದೊಡ್ಡಮ್ಮನಿಗೆ ಹೇಳಿದೆ. ಮಾವನಿಗೆ ಹೇಳಿದೆ. ಮುಂಬೈಯಲ್ಲಿರುವ ಚಿಕ್ಕಪ್ಪನ ಮಗಳಿಗೂ ಹೇಳಿದೆ. ಹೋದ ವರ್ಷ ರಜೆಗೆ ಹೋದಾಗ ಕಾಗದ ತೆಗೆಸಿ ನೋಡಿದೆ. ಅಪ್ಪ ಕಾಯಿಲೆ ಬೀಳುವ ಎರಡು ವರ್ಷ ಮೊದಲೇ ತಾನೇ ಹೋಗಿ ರಿಜಿಸ್ಟರ್ ಮಾಡಿಸಿದ್ದರು. ನನ್ನ ಮದುವೆಯ ಸಾಲ ಪೂರ್ತಿ ತೀರಿಸಿದ್ದು ಅಣ್ಣ. ಅದಕ್ಕೆ ಬದಲಾಗಿ ಅಂತೆ. ಅದು ನನಗೆ ಗೊತ್ತೇ ಇರಲಿಲ್ಲ.

ಗೊತ್ತಾದ ಮೇಲೂ ಅವನ ಹತ್ತಿರ ಹೋಗಲಿಲ್ಲ. ಹತ್ತು ಮೀಟರ್ ದೂರದಲ್ಲಿ ಅವನ ಬೈಕ್ ನಿಂತಿತ್ತು. ವಾಪಸ್ ಬಂದುಬಿಟ್ಟೆ.

ಮೊನ್ನೆ ಆ ಮಗಳು ‘ಏನಾದರೂ ನೋವಾಗಿದ್ದರೆ’ ಅಂದಾಗ ಮೊದಲು ಸಿಟ್ಟು ಬಂತು. ಆಮೇಲೆ ಹೊಳೆಯಿತು, ಅಷ್ಟನ್ನಾದರೂ ನಾನು ಅಣ್ಣನಿಗೆ ಹೇಳಿಲ್ಲ.

ಸುಮ್ನಿರಲಾರೆ · ಸೆಪ್ಟೆಂಬರ್ 27

ಅಯ್ಯೋ.

ಬಜ್ಪೆ_ಬಾಯಿ · ಸೆಪ್ಟೆಂಬರ್ 27

ಅಕ್ಕಾ, ನಮ್ಮಲ್ಲಾದರೆ ಫಾದರ್ ಹತ್ತಿರ ಹೋಗಿ ಕುಮ್ಸಾರ್ ಮಾಡಿ ಅನ್ನುತ್ತಿದ್ದೆ, ಪಾಪನಿವೇದನೆ. ಇವರಲ್ಲಿ ಆ ದಾರಿ ಇಲ್ಲ. ರಬ್ಬಿ ಯಾರ ಪಾಪವನ್ನೂ ಮನ್ನಾ ಮಾಡೋದಿಲ್ಲ. ಯೋಮ್ ಕಿಪ್ಪುರ್ ದಿನ ಎಲ್ಲರೂ ನಿಂತು ಎದೆ ಮುಟ್ಟಿಕೊಳ್ಳುತ್ತಾ ಪಾಪದ ಪಟ್ಟಿ ಹೇಳ್ತಾರೆ, ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ. ‘ನಾನು ಮಾಡಿದೆ’ ಅಂತಲ್ಲ, ‘ನಾವು ಮಾಡಿದೆವು’ ಅಂತ. ಅಷ್ಟಾದರೂ ನೋಯಿಸಿದವರ ಹತ್ತಿರ ಹೋಗುವ ಕೆಲಸ ಬಾಕಿಯೇ ಇರುತ್ತೆ.

ಟೆಕ್ಕಿ_ಟಿಫಿನ್ · ಸೆಪ್ಟೆಂಬರ್ 27

ಅಣ್ಣನಿಗೆ ನೀವು ಹೀಗೆ ಹೇಳಿಕೊಂಡು ತಿರುಗಿದ್ದು ಗೊತ್ತಾ? ಗೊತ್ತಿಲ್ಲದಿದ್ದರೆ ಈಗ ಹೋಗಿ ‘ನಿನ್ನನ್ನು ಕಳ್ಳ ಅಂತ ಮೂರು ಮನೆಗೆ ಹೇಳಿದ್ದೆ, ಸಾರಿ’ ಅಂದರೆ ಅವನಿಗೆ ಹೊಸ ಗಾಯ. ಸುಮ್ಮನಿರೋದು ವಾಸಿ.

ಹಳೇಮೇಷ್ಟ್ರು · ಸೆಪ್ಟೆಂಬರ್ 27

ಟೆಕ್ಕಿಯವರೇ, ನೀವು ಗೊತ್ತಿಲ್ಲದೇ ಒಂದು ದೊಡ್ಡ ಜಗಳಕ್ಕೆ ಕೈ ಹಾಕಿದ್ದೀರಿ. ಆ ಸಲಾಂಟರ್ ಕಾಲದಲ್ಲೇ, ಅವರಿಗಿಂತ ಚಿಕ್ಕವರು ಇನ್ನೊಬ್ಬ ರಬ್ಬಿ ಇದ್ದರು, ರಾದಿನ್ ಊರಿನ ಇಸ್ರಾಯೇಲ್ ಮೇಯಿರ್ ಕಗಾನ್. 1873ರಲ್ಲಿ ಚಾಡಿಮಾತಿನ ಬಗ್ಗೆಯೇ ಪೂರ್ತಿ ಒಂದು ಪುಸ್ತಕ ತಂದರು. ಹೆಸರು ‘ಹಾಫೆಟ್ಸ್ ಹಾಯಿಮ್’, ಬದುಕನ್ನು ಬಯಸುವವನು ಅಂತ ಅರ್ಥ. ಕೊನೆಗೆ ಜನ ಅವರನ್ನೇ ಆ ಹೆಸರಿಂದ ಕರೆದರು. ಅವರಲ್ಲಿ ಚಾಡಿಗೆ ‘ಲಶೋನ್ ಹರಾ’ ಅಂತಾರೆ, ಕೆಟ್ಟ ನಾಲಿಗೆ. ಹೇಳಿದ್ದು ನಿಜವಾದರೂ ಅದು ತಪ್ಪೇ. ಸುಳ್ಳಾದರೆ ಇನ್ನೂ ದೊಡ್ಡ ತಪ್ಪು, ಅದಕ್ಕೆ ಬೇರೆ ಹೆಸರೇ ಇದೆ.

ಆ ಪುಸ್ತಕದ ತೀರ್ಮಾನ: ನಿನ್ನ ಮಾತಿನಿಂದ ಒಬ್ಬನಿಗೆ ಹಾನಿಯಾಗಿದ್ದರೆ, ಅವನಿಗೆ ಗೊತ್ತಿಲ್ಲದಿದ್ದರೂ ಹೋಗಿ ಹೇಳಿ ಕ್ಷಮೆ ಕೇಳಬೇಕು. ಸಲಾಂಟರ್ ಇದನ್ನು ಒಪ್ಪಲಿಲ್ಲ ಅಂತ ಹೇಳ್ತಾರೆ. ನಿನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲು ಅವನಿಗೆ ಹೊಸ ನೋವು ಕೊಡಬೇಡ ಅಂತ. ಮತ್ತೆ ಆ ನೀರಿನ ಕೊಡದ ಕತೆಯೇ, ನೋಡಿ. ಇವತ್ತಿಗೂ ರಬ್ಬಿಗಳು ಎರಡೂ ಕಡೆ ವಾದ ಮಾಡ್ತಾರೆ.

ಗುಬ್ಬಿಗೂಡು · ಸೆಪ್ಟೆಂಬರ್ 27

ನಾನು ಸಲಾಂಟರ್ ಪಾರ್ಟಿ. ನನ್ನ ವಾರಗಿತ್ತಿ ಒಮ್ಮೆ ‘ಮನಸ್ಸು ಹಗುರ ಮಾಡ್ಕೋತೀನಿ’ ಅಂತ ಬಂದು, ಮದುವೆ ಹೊಸತರಲ್ಲಿ ನನ್ನ ಬಗ್ಗೆ ಏನೇನು ಹೇಳಿದ್ದಳು ಅಂತ ಪಟ್ಟಿ ಕೊಟ್ಟಳು. ಅವಳು ಹಗುರ ಆದಳು. ನಾನು ಇವತ್ತಿಗೂ ಹೊತ್ಕೊಂಡಿದ್ದೀನಿ.

ಬಸದಿಬೀದಿ · ಸೆಪ್ಟೆಂಬರ್ 27

ನಾನು ಇನ್ನೊಂದು ಪಾರ್ಟಿ. ಹಳ್ಳಿಯಲ್ಲಿ ಮೂರು ಮನೆಗೆ ಹೇಳಿದ್ದು ನಾಲ್ಕನೇ ಮನೆಗೆ ಗೊತ್ತಿಲ್ಲ ಅನ್ನೋದು ಉಂಟಾ? ಅಣ್ಣನಿಗೆ ಗೊತ್ತಿದೆ. ಗೊತ್ತಿಲ್ಲದ ಹಾಗೆ ಇದ್ದಾನೆ.

ಕೋಡಿ_ಕಡಲು · ಸೆಪ್ಟೆಂಬರ್ 28

ಬಸದಿಬೀದಿಯವರು ಹೇಳಿದ್ದೇ ನಿಜ. ನಿನ್ನೆ ಅತ್ತಿಗೆಗೆ ಫೋನ್ ಮಾಡಿದ್ದೆ, ಅವರು ಮಾತ್ರ ಆಗಾಗ ಮಾತಾಡ್ತಾರೆ. “ಅವರಿಗೆ ಮೊದಲಿಂದ ಗೊತ್ತು, ದೊಡ್ಡಮ್ಮನ ಸೊಸೆಯೇ ಬಂದು ಹೇಳಿದ್ದಳು” ಅಂದರು. ಹಾಗಾದರೆ ಸಲಾಂಟರ್ ವಾದ ನನಗೆ ಸಿಗುವುದಿಲ್ಲ.

ಹಳೇಮೇಷ್ಟ್ರು · ಸೆಪ್ಟೆಂಬರ್ 28

ಸಿಗುವುದಿಲ್ಲ. ಆದರೆ ಅಣ್ಣನಿಗೆ ಫೋನ್ ಮಾಡುವ ಮುಂಚೆ ದೊಡ್ಡಮ್ಮ, ಮಾವ, ಮುಂಬೈ ತಂಗಿ, ಈ ಮೂವರಿಗೆ ಮಾಡಿ. ನೀವು ಹೇಳಿದ್ದನ್ನು ನೀವೇ ವಾಪಸ್ ತಗೊಳ್ಳಿ. ಕದ್ದದ್ದನ್ನು ಹಿಂದಿರುಗಿಸದೆ ಕಳ್ಳ ಕ್ಷಮೆ ಕೇಳಿದರೆ ಏನು ಬಂತು?

ಸುಮ್ನಿರಲಾರೆ · ಸೆಪ್ಟೆಂಬರ್ 28

ಮೇಷ್ಟ್ರೇ, ಒಂದು ಪ್ರಶ್ನೆ. ಅಣ್ಣ ಕ್ಷಮಿಸೋದಿಲ್ಲ ಅಂದರೆ? ಜೀವಮಾನವಿಡೀ ಫೋನ್ ಮಾಡ್ತಾ ಇರಬೇಕಾ?

ಹಳೇಮೇಷ್ಟ್ರು · ಸೆಪ್ಟೆಂಬರ್ 28

ಮೂರು ಸಲ. ಇದೂ ಮೈಮೊನಿಡೀಸ್ ಲೆಕ್ಕ. ಅವನು ಒಪ್ಪದಿದ್ದರೆ ಮೂವರು ಸ್ನೇಹಿತರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಹೀಗೆ ಮೂರು ಬಾರಿ. ಆಮೇಲೂ ಬೇಡ ಅಂದರೆ ಬಿಟ್ಟು ಬರಬಹುದು, ತಪ್ಪು ಈಗ ಅವನದ್ದು. ಕಲಿಸಿದ ಗುರುವಾದರೆ ಮಾತ್ರ ಸಾವಿರ ಸಲವಾದರೂ ಹೋಗಬೇಕಂತೆ. ನಾನು ನಲವತ್ತು ವರ್ಷ ಪಾಠ ಮಾಡಿದೆ, ಯಾವನೂ ಒಂದು ಸಲವೂ ಬಂದಿಲ್ಲ.

ಧಾರವಾಡದ_ಪೇಢಾ · ಸೆಪ್ಟೆಂಬರ್ 28

ಸರ್, ಬನ್ನಿ ತಗೊಂಡು ನಾನು ಬರ್ತೀನಿ, ವಿಳಾಸ ಕೊಡ್ರಿ.

ಟೆಕ್ಕಿ_ಟಿಫಿನ್ · ಸೆಪ್ಟೆಂಬರ್ 30

ನಾಳೆ ಆಯುಧಪೂಜೆ. ಆಫೀಸಲ್ಲಿ ಲ್ಯಾಪ್‌ಟಾಪ್‌ಗೆ ಕುಂಕುಮ ಹಚ್ಚುವಾಗ ಟೆಲ್ ಅವೀವ್‌ನವನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಗಾಬರಿಯಾದ. ಕೋಡಿ ಅಕ್ಕಾ, ಎಲ್ಲಿದ್ದೀರಿ?

ಕೋಡಿ_ಕಡಲು · ಅಕ್ಟೋಬರ್ 3

ಎಲ್ಲರೂ ಕೇಳಿದ್ದೀರಿ, ಈಗ ಬಿಡುವಾಯ್ತು. ಸ್ವಲ್ಪ ಉದ್ದ ಆಗುತ್ತೆ.

ಮೂವತ್ತನೇ ತಾರೀಖು ಆ ಮಗಳು ಕೇಕ್ ತಂದುಕೊಡಲು ಬಂದಳು. ಧೈರ್ಯ ಮಾಡಿ ಹೇಳಿದೆ. ಚೀಲದ ವಿಷಯ ಎತ್ತಲಿಲ್ಲ. “ಉಂಗುರ ನಾನು ತೆಗೆದಿರಲಿಲ್ಲ. ನೀವು ಫೋನಲ್ಲಿ ಹೇಳಿದ್ದು ನನಗೆ ಕೇಳಿಸಿತ್ತು” ಅಂದೆ. ಅಷ್ಟೇ. ಅವಳ ಮುಖ ಕೆಂಪಾಯ್ತು. “ನಾನು ಆಗಲೇ ಕ್ಷಮೆ ಕೇಳಿದೆನಲ್ಲ” ಅಂದಳು, ಸ್ವಲ್ಪ ಜೋರಾಗಿಯೇ. ಹೋಗಿಬಿಟ್ಟಳು. ಕೆಲಸ ಹೋಯ್ತು ಅಂತಲೇ ಅಂದುಕೊಂಡೆ. ಸುಮ್ನಿರಲಾರೆ ಅವರನ್ನು ನೆನೆದು ಅತ್ತೆ.

ಒಂದನೇ ತಾರೀಖು ಮಧ್ಯಾಹ್ನ ಉಪವಾಸಕ್ಕೆ ಮುಂಚಿನ ಊಟ. ಅದಾದ ಮೇಲೆ ಹಿರಿಯರು ಮಕ್ಕಳ ತಲೆ ಮೇಲೆ ಕೈಯಿಟ್ಟು ಹರಸುವ ಪದ್ಧತಿ ಇದೆ. ಸಾವ್ತಾ ಮಗಳನ್ನು ಹರಸಿದರು. ಮಗಳು ಎದ್ದವಳು ನೇರ ನನ್ನ ಹತ್ತಿರ ಬಂದಳು. ಹೀಬ್ರೂನಲ್ಲಿ ನಿಧಾನವಾಗಿ, ನನಗೆ ಅರ್ಥ ಆಗಲಿ ಅಂತಲೇ, “ಉಂಗುರ ನೀನು ಕದ್ದೆ ಅಂದುಕೊಂಡೆ. ನಿನ್ನ ಚೀಲ ತೆಗೆದು ನೋಡಿದೆ. ತಂಗಿಗೂ ಹೇಳಿದೆ. ಇವತ್ತು ಬೆಳಗ್ಗೆ ಅವಳಿಗೆ ಫೋನ್ ಮಾಡಿ ನನ್ನದೇ ತಪ್ಪು ಅಂತ ಹೇಳಿದ್ದೇನೆ” ಅಂದಳು. ಚೀಲದ ವಿಷಯ ನಾನು ಹೇಳಿರಲೇ ಇಲ್ಲ, ನೋಡಿ. ಅವಳೇ ಹೇಳಿದಳು. ಆಮೇಲೆ ನನಗೆ ಒಳ್ಳೇದಾಗಲಿ, ನನ್ನ ಮಕ್ಕಳಿಗೆ ಒಳ್ಳೇದಾಗಲಿ ಅಂತ ಏನೋ ಹರಸಿದಳು. ಅರ್ಧ ಅರ್ಥ ಆಗಲಿಲ್ಲ. ಈ ಸಲ ‘ಪರವಾಗಿಲ್ಲ’ ಅನ್ನಲಿಲ್ಲ. “ಕ್ಷಮಿಸಿದ್ದೇನೆ” ಅಂದೆ.

ಎರಡನೇ ತಾರೀಖು ಇಲ್ಲಿ ರಸ್ತೆಯಲ್ಲಿ ಒಂದು ಗಾಡಿ ಇಲ್ಲ. ಮಕ್ಕಳು ಹೆದ್ದಾರಿ ಮಧ್ಯದಲ್ಲಿ ಸೈಕಲ್ ಹೊಡೀತಾರೆ. ನನಗೆ ಮಾತ್ರ ಕೆಲಸ ಜಾಸ್ತಿ. ಸಾವ್ತಾಗೆ ಸಕ್ಕರೆ ಕಾಯಿಲೆ, ಡಾಕ್ಟರು ಉಪವಾಸ ಬೇಡವೇ ಬೇಡ ಅಂದಿದ್ದರು. ಸಾವ್ತಾ ಕೇಳಲಿಲ್ಲ, ಎಂಬತ್ತು ವರ್ಷದಿಂದ ಬಿಟ್ಟಿಲ್ಲ ಅಂತ ಹಟ. ಕೊನೆಗೆ ರಬ್ಬಿಯನ್ನೇ ಕೇಳಿಸಿದರು. ನಿಮಗೆ ಇವತ್ತು ತಿನ್ನುವುದೇ ಧರ್ಮ, ತಿನ್ನದಿದ್ದರೆ ಪಾಪ ಅಂತ ಅವರು ಹೇಳಿದರಂತೆ. ಆದರೂ ಒಟ್ಟಿಗೆ ಅಲ್ಲ. 30 ಮಿಲಿಗಿಂತ ಕಡಿಮೆ, ಒಂಬತ್ತು ನಿಮಿಷ ಬಿಟ್ಟು ಮತ್ತೆ ಅಷ್ಟೇ. ಹಾಗೆ ತಿಂದರೆ ಉಪವಾಸ ಮುರಿದ ಲೆಕ್ಕಕ್ಕೆ ಬರಲ್ಲ. ಔಷಧಿ ಲೋಟದಲ್ಲಿ ಅಳೆದು, ಗಡಿಯಾರ ನೋಡಿಕೊಂಡು ದಿನವಿಡೀ ತಿನ್ನಿಸಿದೆ. ಮೊದಲ ಚಮಚಕ್ಕೆ ಕಣ್ಣಲ್ಲಿ ನೀರು ಹಾಕಿದರು. ಐದನೆಯದಕ್ಕೆ ಗಂಜಿ ಸಪ್ಪೆ ಅಂತ ಬೈದರು.

ಇನ್ನು ಊರಿನ ವಿಷಯ. ದೊಡ್ಡಮ್ಮ, ಮಾವ, ಮುಂಬೈ ತಂಗಿ, ಮೂವರಿಗೂ ಫೋನ್ ಮಾಡಿ ಹೇಳಿದೆ. ದೊಡ್ಡಮ್ಮ “ನಾನು ಆಗಲೇ ಹೇಳಿದ್ದೆನಲ್ಲ” ಅಂದರು. ಅವರು ಏನೂ ಹೇಳಿರಲಿಲ್ಲ. ಆಮೇಲೆ ಅಣ್ಣನಿಗೆ ಮಾಡಿದೆ. ತೆಗೆಯಲಿಲ್ಲ. ವಾಯ್ಸ್ ಮೆಸೇಜ್ ಕಳಿಸಿದೆ, ನಾಲ್ಕು ನಿಮಿಷದ್ದು. ಏನು ಹೇಳಿದ್ದೆ, ಯಾರಿಗೆ ಹೇಳಿದ್ದೆ, ಎಲ್ಲ ಹೆಸರಿಟ್ಟು. ನೀಲಿ ಗೆರೆ ಬಂತು. ಉತ್ತರ ಬಂದಿಲ್ಲ.

ಸುಮ್ನಿರಲಾರೆ · ಅಕ್ಟೋಬರ್ 3

ಕೇಳಿದ್ದಾನಲ್ಲ. ನಾಲ್ಕು ನಿಮಿಷ ಪೂರ್ತಿ.

ಬಸದಿಬೀದಿ · ಅಕ್ಟೋಬರ್ 3

ಒಂದು ಸಲ ಆಯ್ತು. ಇನ್ನೆರಡು ಇದೆ.

ಕೋಡಿ_ಕಡಲು · ಅಕ್ಟೋಬರ್ 3

ದೀಪಾವಳಿಗೆ ಎರಡನೆಯದು. ಮೂರನೆಯದಕ್ಕೆ ಜನವರಿಯಲ್ಲಿ ರಜೆ ಹಾಕಿದ್ದೇನೆ. ಮೂವರು ಸ್ನೇಹಿತರು ಬೇಕಲ್ಲ, ಅತ್ತಿಗೆ ಒಬ್ಬರು. ಉಳಿದ ಇಬ್ಬರನ್ನು ಹುಡುಕಬೇಕು.

ಬಜ್ಪೆ_ಬಾಯಿ · ಅಕ್ಟೋಬರ್ 3

ಬಜ್ಪೆಯಿಂದ ಕುಂದಾಪುರ ಎರಡು ಗಂಟೆ ದಾರಿ ಅಕ್ಕಾ. ನನ್ನನ್ನು ಲೆಕ್ಕಕ್ಕೆ ಹಿಡೀರಿ.

ಗುಬ್ಬಿಗೂಡು · ಅಕ್ಟೋಬರ್ 4

ನಾನು ಮೂರನೇ ಸಲ ಕೇಳ್ತಿದ್ದೀನಿ, ಮೈಮೊನಿಡೀಸ್ ಲೆಕ್ಕದಲ್ಲಿ ಇನ್ನು ತಪ್ಪು ನಿಮ್ಮದೇ. ಕೇಕ್?

ಕೋಡಿ_ಕಡಲು · ಅಕ್ಟೋಬರ್ 4

ಅಯ್ಯೋ ಕ್ಷಮಿಸಿ! ಮೂರು ಮೊಟ್ಟೆ, ಒಂದು ಲೋಟ ಜೇನು, ಅರ್ಧ ಲೋಟ ಸಕ್ಕರೆ, ಮುಕ್ಕಾಲು ಲೋಟ ಎಣ್ಣೆ, ಒಂದು ಲೋಟ ಆರಿದ ಕಾಫಿ ಡಿಕಾಕ್ಷನ್, ಮೂರು ಲೋಟ ಮೈದಾ, ಬೇಕಿಂಗ್ ಪೌಡರ್ ಎರಡು ಚಮಚ, ಸೋಡಾ ಅರ್ಧ ಚಮಚ, ಚಕ್ಕೆ ಲವಂಗದ ಪುಡಿ. ಬೆಣ್ಣೆ ಹಾಲು ಹಾಕಲ್ಲ, ಮಾಂಸದ ಊಟ ಆದ ಮೇಲೂ ತಿನ್ನಬೇಕಲ್ಲ, ಅದಕ್ಕೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ಕಡ್ಡಿ ಚುಚ್ಚಿ ನೋಡಿ. ಮಾಡಿದ ದಿನ ತಿನ್ನಬೇಡಿ, ಮಾರನೇ ದಿನ ರುಚಿ.

ಧಾರವಾಡದ_ಪೇಢಾ · ಅಕ್ಟೋಬರ್ 4

ಜೇನಿನ ಬದಲು ಜೋನಿಬೆಲ್ಲ ಹಾಕಿದರ ನಡೀತದೇನ್ರಿ?

ಕೋಡಿ_ಕಡಲು · ಅಕ್ಟೋಬರ್ 4

ಸಾವ್ತಾನ ಕೇಳಿ ಹೇಳ್ತೇನೆ. ಈಗ ಶಬ್ಬಾತ್, ಅವರ ಶನಿವಾರದ ಬಿಡುವು, ಮಲಗಿದ್ದಾರೆ.